ತಮ್ಮನ ಕಣ್ಣಿಗೆ ಹಾಕಿದ ಒಟ್ಲು

2002ನೇ ಇಸವಿ. ಯುಗಾದಿಗೆ ಇನ್ನು ಒಂದು ವಾರವಿತ್ತು. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಸುವುದು ನಮ್ಮ ಕಡೆ ವಾಡಿಕೆ. ನನ್ನ ತಮ್ಮ ಮಾದೇವನಿಗೆ ವರ್ಷದಲ್ಲಿ ಕೈತುಂಬ ಕೆಲಸ ಸಿಗುತ್ತಿದ್ದುದು ಆಗಲೇ. ಹಂಪಾಪುರದಲ್ಲೂ ಸುತ್ತಮುತ್ತಲ ಊರುಗಳಲ್ಲೂ ಸುಣ್ಣ, ಬಣ್ಣ ಅಂದರೆ ಅವನನ್ನೇ ಕರೆಯುತ್ತಿದ್ದರು. ನಾನು ಹೆಗ್ಗಡದೇವನಕೋಟೆಯ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಆಯಾ. ನನ್ನ ಗಂಡನ ಮನೆಯೂ ಹಂಪಾಪುರವೇ, ತಮ್ಮನ ಮನೆಯಿಂದ ಎರಡು ಬೀದಿ ಆಚೆ. ದಿನಾ ಬಸ್ಸಿನಲ್ಲಿ ಕೋಟೆಗೆ ಹೋಗಿ ಬರುತ್ತಿದ್ದೆ.

ಆವತ್ತು ಅವನು ಒಂದು ಹಳೇ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದು ಅರಳಿಸುತ್ತಿದ್ದನಂತೆ. ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದ್ದ ಕೆಲಸ. ಕುದಿಯುತ್ತಿದ್ದ ಸುಣ್ಣ ಸರಿಯಾಗಿ ಅರಳಿತೋ ಇಲ್ಲವೋ ಎಂದು ಬಗ್ಗಿ ನೋಡುವಾಗ ಒಳಗೆ ದಪ್ಪ ಕಲ್ಲೊಂದು ಸಿಡಿದು ಮುಖಕ್ಕೆ ಹಾರಿತು. ಎರಡು ಕಣ್ಣಿಗೂ ಬಿತ್ತು. ಅಕ್ಕಪಕ್ಕದವರು ಓಡಿಬಂದು ತಂಪಾಗಲಿ ಎಂದು ಹರಳೆಣ್ಣೆ ಬಿಟ್ಟರು. ಆಗ ಮಾಡಬೇಕಾಗಿದ್ದದ್ದು ಒಂದೇ, ಕೊಡಗಟ್ಟಲೆ ನೀರು ಹುಯ್ದು ತೊಳೆಯುವುದು. ಅದು ಅವರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ನನಗೆ ಸುದ್ದಿ ಮುಟ್ಟಿ ನಾನು ಬರುವ ಹೊತ್ತಿಗೆ ಅವನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದರು.

ಅಲ್ಲಿಂದ ಶುರುವಾದ ಓಡಾಟ ಒಂದೂವರೆ ವರ್ಷ ನಡೆಯಿತು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಬೆಳಕಿದೆಯೋ ಕತ್ತಲಿದೆಯೋ ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಕರಿಗುಡ್ಡೆ ಇರಬೇಕಾದ ಜಾಗದಲ್ಲಿ ಕೆಂಪು ನರ ಹಬ್ಬಿದ ಬಿಳಿ ಮಾಂಸದ ಪೊರೆ ಬೆಳೆದುಕೊಂಡಿತ್ತು. ಅವನ ಹೆಂಡತಿ ರತ್ನನಿಗೆ ಇಬ್ಬರು ಚಿಕ್ಕ ಮಕ್ಕಳು, ಮೇಲೆ ಕೂಲಿ. ಅದಕ್ಕೇ ಮೈಸೂರಿಗೆ ಕೈಹಿಡಿದು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ರಜೆ ಕೇಳುವುದು, ಬಸ್ಸು ಹತ್ತಿಸುವುದು, ಸಾಲಿನಲ್ಲಿ ಕೂರುವುದು, ಇನ್ನೊಂದು ತಿಂಗಳು ಬಿಟ್ಟು ಬನ್ನಿ ಎನ್ನಿಸಿಕೊಂಡು ವಾಪಸು ಬರುವುದು. ಮರುದಿನ ಮತ್ತೆ ನನ್ನ ವಾರ್ಡು, ಹೆರಿಗೆ, ಒರೆಸುವುದು, ಒಗೆಯುವುದು.

ಕಣ್ಣು ದಾನ ಮಾಡಿದವರದ್ದು ತಂದು ಹಾಕಬಹುದಲ್ಲ ಎಂದು ನಾನೇ ಮೈಸೂರಿನ ಡಾಕ್ಟರನ್ನು ಕೇಳಿದೆ. ಅವರು ವಯಸ್ಸಾದವರು, ತಾಳ್ಮೆಯಿಂದ ಹೇಳಿದರು.

“ನೋಡಮ್ಮ, ಕರಿಗುಡ್ಡೆ ಬಿಳಿಗುಡ್ಡೆ ಸೇರುವ ಕಡೆ ಸುತ್ತ ಒಂದು ಅಂಚು ಇರುತ್ತೆ. ಆ ಅಂಚಿನಲ್ಲಿ ತಾಯಿ ಕಣಗಳು ಅಂತ ಇರುತ್ತವೆ. ಸ್ಟೆಮ್ ಸೆಲ್ ಅಂತಾರೆ. ಕಣ್ಣಿನ ಮೇಲಿನ ತೆಳು ಚರ್ಮ ಸವೀತಾ ಇರುತ್ತೆ, ಅವು ಹೊಸದನ್ನ ಹುಟ್ಟಿಸ್ತಾ ಇರುತ್ತವೆ. ನಿಮ್ಮ ತಮ್ಮನಿಗೆ ಆ ಅಂಚೇ ಸುಟ್ಟುಹೋಗಿದೆ. ಬೇರೆಯವರ ಕಣ್ಣು ತಂದು ಹಾಕಿದ್ರೂ ಅದರ ಮೇಲೆ ಮತ್ತೆ ಇದೇ ಪೊರೆ ಬೆಳೆಯುತ್ತೆ.”

ಹೈದರಾಬಾದಿನಲ್ಲಿ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಈ ತಾಯಿ ಕಣಗಳನ್ನೇ ಬೆಳೆಸಿ ಕಣ್ಣಿಗೆ ಹಾಕುತ್ತಾರೆ, ಹೋಗಿ ನೋಡಿ ಎಂದರು. ಒಂದೇ ಕಣ್ಣು ಸುಟ್ಟಿದ್ದರೆ ಅವನದೇ ಇನ್ನೊಂದು ಕಣ್ಣಿನಿಂದ ತೆಗೆಯಬಹುದಿತ್ತಂತೆ. ಇವನಿಗೆ ಎರಡೂ ಹೋಗಿತ್ತು. ಒಡಹುಟ್ಟಿದವರು ಯಾರಾದರೂ ಕೊಡಬೇಕು ಅಂದರು. ಒಡಹುಟ್ಟಿದವಳು ನಾನೊಬ್ಬಳೇ.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

“ಅವ್ನಿಗೆ ಕಣ್ಣು ಬರಾದು ಆಮೇಲೆ. ನಿಂಗೇನಾದ್ರೂ ಆದ್ರೆ? ಇಬ್ರು ಕಣ್ಣಿಲ್ದೋರ್ನ ಯಾರು ನೋಡ್ಕಳಾದು ಜಯ?” ಅಂದರು.

“ಅಂಗಂದ್ರೆ ಅವನು ಇಂಗೇ ಇರ್ಲಿ ಅಂತೀರಾ?”

“ನಾನೆಲ್ಲಿ ಅಂಗಂದೆ? ಎದ್ರಿಕೆ ಆಯ್ತದೆ, ಅದ ಹೇಳ್ದೆ ಅಷ್ಟೆ.”

ನನಗೂ ಹೆದರಿಕೆಯೇ. ಆದರೆ ಅವರು ಬೇಡ ಅನ್ನಲಿಲ್ಲ. 2003ರ ದಸರಾ ಕಳೆದ ಮೇಲೆ ನಾನೂ ಮಾದೇವನೂ ರೈಲು ಹತ್ತಿದೆವು. ನಾನು ಅದಕ್ಕೆ ಮುಂಚೆ ಬೆಂಗಳೂರು ದಾಟಿದವಳಲ್ಲ.

ಆಸ್ಪತ್ರೆಯಲ್ಲಿ ಭಾಷೆ ಬರದೆ ಪೇಚಾಡುತ್ತಿದ್ದಾಗ ರಾಯಚೂರು ಕಡೆಯ ಡಾಕ್ಟರಮ್ಮ ಒಬ್ಬರು ಸಿಕ್ಕರು. ಚಿಕ್ಕ ವಯಸ್ಸು. ಅವರ ಕನ್ನಡ ನಮ್ಮ ಕನ್ನಡದ ಹಾಗಿರಲಿಲ್ಲ. ಆದರೂ ಆ ಊರಿನಲ್ಲಿ ಅದನ್ನು ಕೇಳಿ ನನಗೆ ಉಸಿರು ಬಂದ ಹಾಗಾಯಿತು. ನಮ್ಮಿಬ್ಬರ ರಕ್ತ ಪರೀಕ್ಷೆ ಮಾಡಿಸಿ, ಹೊಂದುತ್ತದೆ ಎಂದು ಹೇಳಿದವರೂ ಅವರೇ. ನಾನು ಮುಚ್ಚುಮರೆಯಿಲ್ಲದೆ ಕೇಳಿದೆ, ನನ್ನ ಕಣ್ಣಿಗೆ ಏನೂ ಆಗುವುದಿಲ್ಲವಾ ಎಂದು.

“ಅಕ್ಕಾರ, ಏನೂ ಆಗಂಗಿಲ್ಲ ಅಂತ ನಾ ಆಣೆ ಮಾಡಿ ಹೇಳಂಗಿಲ್ಲ. ನಾವು ತಗೊಳ್ಳೂದು ಅಂಚಿನಾಗಿಂದ ಒಂದು ಸಣ್ಣ ಚೂರು. ಸಾಸಿವೆಕಾಳಿನಷ್ಟು ಅನ್ಕೊಳ್ರಿ. ಉಳಿದ ಅಂಚು ಆ ಜಾಗಾ ತುಂಬತದ. ನಾ ನೋಡಿದಂಗ ಕೊಟ್ಟವರಿಗೆ ಯಾರಿಗೂ ದೃಷ್ಟಿ ಹೋಗಿಲ್ಲ,” ಎಂದರು.

ಆಣೆ ಮಾಡದೆ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು. ತೆಗೆದ ಚೂರನ್ನು ಎಲ್ಲಿ ಬೆಳೆಸುತ್ತೀರಿ ಎಂದು ಕೇಳಿದೆ.

“ಬರೀ ಗಾಜಿನ ಬಟ್ಟಲಾಗ ಹಾಕಿದ್ರ ಅವು ಚೆಂದಾಗಿ ಬೆಳೆಯಂಗಿಲ್ರಿ. ಅವಕ್ಕ ಒಂದು ಹಾಸಿಗಿ ಬೇಕು. ಹೆರಿಗಿ ಆದಾಗ ಕೂಸಿನ ಸುತ್ತ ಇರ್ತದಲ್ಲ, ತೆಳ್ಳಗಿನ ಪೊರಿ, ಅದನ್ನ ತೊಳೆದು ಹದ ಮಾಡಿ ಇಟ್ಟಿರ್ತೀವಿ. ಅದರ ಮ್ಯಾಲೆ ಹಾಕ್ತೀವಿ.”

“ಮಾಸಿನ ಜೊತೆ ಬತ್ತದಲ್ಲ, ಅದಾ?” ಅಂದೆ.

“ಅದೇ ರಿ. ತಾಯಂದ್ರನ್ನ ಕೇಳಿ, ಅವರು ಒಪ್ಪಿದ್ರ ಇಸ್ಕೋತೀವಿ.”

ಕೋಟೆಯ ವಾರ್ಡಿನಲ್ಲಿ ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಅದೆಷ್ಟು ಸಲ ನಾನು ಬೇಸಿನ್ನಿನಲ್ಲಿ ಎತ್ತಿಕೊಂಡು ಹೋಗಿ ಹಿತ್ತಲ ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ದೇನೋ. ಅದರ ಪೊರೆ ಕೈಗೆ ಅಂಟುತ್ತಿದ್ದುದು ನನಗೆ ಚೆನ್ನಾಗಿ ಗೊತ್ತು. ನೆಲದಲ್ಲಿ ನೇರವಾಗಿ ಬಿತ್ತದೆ ಮೊದಲು ಒಟ್ಲು ಹಾಕಿ ಭತ್ತದ ಸಸಿ ಎಬ್ಬಿಸಿ, ಆಮೇಲೆ ಕಿತ್ತು ಗದ್ದೆಗೆ ನೆಡುತ್ತೇವಲ್ಲ, ಇದೂ ಹಾಗೆಯೇ ಎಂದು ಅರ್ಥವಾಯಿತು. ಮಾದೇವನಿಗೆ ಹಾಗೆಯೇ ಹೇಳಿದೆ. ಅವನು, “ನಿನ್ ಕಣ್ಣಲ್ಲಿ ಒಟ್ಲು, ನನ್ ಕಣ್ಣಲ್ಲಿ ನಾಟಿ ಅನ್ನು,” ಎಂದ. ಬಹಳ ದಿನದ ಮೇಲೆ ಅವನು ಆಡಿದ ತಮಾಷೆ ಮಾತು ಅದು.

ನನ್ನ ಬಲಗಣ್ಣಿನಿಂದ ಚೂರು ತೆಗೆದರು. ನೋವು ಗೊತ್ತಾಗಲಿಲ್ಲ. ಆದರೆ ಕತ್ತರಿಯ ನೆರಳು ಕಣ್ಣ ಮೇಲೆ ಬರುವುದು ಕಾಣುತ್ತಿತ್ತು. ಮಿಸುಕಬಾರದು ಎಂದು ಹೇಳಿದ್ದರಿಂದ ಕಾಲ ಬೆರಳುಗಳನ್ನು ಬಿಗಿಹಿಡಿದು ಮಲಗಿದ್ದೆ. ಪಟ್ಟಿ ಬಿಚ್ಚಿದ ಮೇಲೆ ಕೆಲವು ದಿನ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ನೀರು ಸುರಿಯುತ್ತಿತ್ತು.

ಬೆಳೆಯಲು ಎರಡು ವಾರ ಬೇಕೆಂದರು. ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದೆವು. ಪಂಪ್ ಸ್ಟವ್ವಿನಲ್ಲಿ ಅನ್ನ ಸಾರು ಮಾಡುತ್ತಿದ್ದೆ. ಹೊಗೆಗೆ ಕಣ್ಣು ಇನ್ನಷ್ಟು ಉರಿಯುತ್ತಿತ್ತು. ಬೆಳಿಗ್ಗೆ ಅವನನ್ನು ತಪಾಸಣೆಗೆ ಕರೆದುಕೊಂಡು ಹೋಗಿ, ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂರುವುದು. ಯಜಮಾನರಿಗೆ ಬೂತಿನಿಂದ ಫೋನ್ ಮಾಡಿದರೆ ಅವರು ಮೊದಲು ಕೇಳುತ್ತಿದ್ದುದು, “ನಿನ್ ಕಣ್ಣು ಎಂಗದೆ?” ಎಂದು. ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಮಾದೇವನನ್ನು ಶೌಚಕ್ಕೆ ಕಳಿಸುವುದು. ಗಂಡಸರ ಶೌಚಾಲಯದ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಯಾರನ್ನಾದರೂ ಕೈಮುಗಿದು, ಇವನನ್ನು ಸ್ವಲ್ಪ ಕರೆದುಕೊಂಡು ಹೋಗಿ ಎಂದು ಸನ್ನೆಯಲ್ಲಿ ಕೇಳಬೇಕು. ಎಷ್ಟೋ ಜನ ಕರೆದುಕೊಂಡು ಹೋಗುತ್ತಿದ್ದರು. ಕೆಲವರು ಕಾಣದವರಂತೆ ಹೋಗಿಬಿಡುತ್ತಿದ್ದರು. ನಾನು ನೀರು ಸುರಿಯುವ ಕೆಂಪು ಕಣ್ಣಿನಿಂದ ನಿಂತಿದ್ದನ್ನು ನೋಡಿ ಕಾಸು ಕೇಳುವವಳು ಅಂದುಕೊಂಡವರೂ ಇದ್ದರು.

ಎರಡು ವಾರದ ಮೇಲೆ ಡಾಕ್ಟರಮ್ಮ ನಮ್ಮನ್ನು ಕರೆದು ಕೂರಿಸಿದರು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

“ಬೆಳೆದಿಲ್ರಿ ಅಕ್ಕಾರ. ಮೊದಲು ಒಂದಿಷ್ಟು ಬಂದ್ವು, ಆಮ್ಯಾಲೆ ನಿಂತುಬಿಟ್ವು.”

“ಯಾಕೆ ಮೇಡಂ? ನನ್ ಕಣ್ಣಲ್ಲೇ ಏನಾರ ತೊಂದ್ರೆಯಾ?”

“ಅಲ್ರಿ. ಯಾಕಂತ ನಮಗೂ ಪೂರಾ ಗೊತ್ತಾಗಂಗಿಲ್ಲ. ಒಂದೊಂದು ಸಲ ಹಿಡಿಯೂದಿಲ್ಲ ಅಷ್ಟ. ಇನ್ನೊಂದು ಸಲ ಮಾಡಬಹುದು, ನಿಮ್ಮ ಎಡಗಣ್ಣಿನಿಂದ. ಆದ್ರ ನಾ ನಿಮಗ ಕೊಡ್ರಿ ಅಂತ ಹೇಳಂಗಿಲ್ಲ. ವಿಚಾರ ಮಾಡ್ರಿ. ಊರಿಗೆ ಹೋಗಿ ಬಂದ್ರೂ ನಡೀತದ.”

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆವು. ಮಾದೇವ ಎರಡು ಕೈಗಳನ್ನೂ ತೊಡೆಯ ಮಧ್ಯೆ ಇಟ್ಟುಕೊಂಡು ತಲೆ ತಗ್ಗಿಸಿದ.

“ಊರ್ಗೋಗಣ ನಡಿ ಅಕ್ಕ,” ಅಂದ. “ಒಂದ್ ಕಣ್ಣು ಕೊಟ್ಟಾಯ್ತು. ಇನ್ನೊಂದ್ನೂ ಕೇಳಕ್ಕೆ ನಂಗೆ ಬಾಯಿಲ್ಲ. ಬುಡು ಇದ.”

ನಾನು ಆಗಲಿ ಎಂದೆ. ನಿಜ ಹೇಳುತ್ತೇನೆ, ನನಗೆ ಹಗುರವೇ ಆಯಿತು. ಮನೆ, ನನ್ನ ಒಲೆ, ನನ್ನ ವಾರ್ಡು, ಗೊತ್ತಿರುವ ಮಾತು. ಸಂಜೆಯ ರೈಲಿಗೆ ಹೊರಡುವುದು ಅಂದುಕೊಂಡೆವು.

ಅಷ್ಟರಲ್ಲಿ ಅವನು ಮೆಲ್ಲಗೆ, “ಅಕ್ಕ, ಒಂದಕ್ಕೆ ಹೋಗ್ಬೇಕು,” ಅಂದ. ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ಮಧ್ಯಾಹ್ನದ ಊಟದ ಹೊತ್ತು. ಬರುವವರು ಕಡಿಮೆ. ಬಂದ ಒಬ್ಬರು ಅವಸರದಲ್ಲಿ ಒಳಗೆ ನುಗ್ಗಿದರು. ಇನ್ನೊಬ್ಬರು ನನ್ನ ಸನ್ನೆ ತಿಳಿಯದೆ ಬೇರೆ ಕಡೆ ಕೈತೋರಿಸಿ ಹೋದರು. ಮಾದೇವ ಕಾಲು ಬದಲಿಸುತ್ತ ನಿಂತಿದ್ದ. “ಅಕ್ಕ, ಆಗಾಕಿಲ್ಲ,” ಅಂದ. ನಾನೇ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ. ಒಳಗಿದ್ದವರು ತಿರುಗಿ ನೋಡಿದರು. ಒಬ್ಬರು ಜೋರಾಗಿ ಏನೋ ಬೈದರು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ಮಾದೇವನಿಗೆ ಗಾಬರಿಯಾಗಿ ಪಂಚೆ ಸರಿಸುವ ಮುಂಚೆಯೇ ಒದ್ದೆಯಾಯಿತು. ನಾನು ಅವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ತಲೆ ತಗ್ಗಿಸಿಕೊಂಡು ನಿಂತೆ.

ಹೊರಗೆ ಬಂದ ಮೇಲೆ ಅವನು ಅಳಲಿಲ್ಲ. ನಾಳೆ ಹೊಲಕ್ಕೆ ಹೋಗುತ್ತೇನೆ ಅನ್ನುವವನ ಹಾಗೆ, “ಅಕ್ಕ, ನಾನು ಜಾಸ್ತಿ ದಿನ ಇರಾಕಿಲ್ಲ ಕಣ,” ಅಂದ.

ನಾನು ಅವನನ್ನು ನಲ್ಲಿಯ ಹತ್ತಿರ ಕೂರಿಸಿ, ಚೀಲದಿಂದ ಬೇರೆ ಪಂಚೆ ತೆಗೆದು ಉಡಿಸಿ, ಒದ್ದೆಯದನ್ನು ಹಿಂಡಿ ಬೆಂಚಿನ ಬೆನ್ನಿಗೆ ಹರವಿದೆ. ಆಮೇಲೆ ಮೆಟ್ಟಿಲು ಹತ್ತಿ ಡಾಕ್ಟರಮ್ಮನ ಹತ್ತಿರ ಹೋಗಿ, “ಎಡಗಣ್ಣಿಂದ ತಗೊಳಿ,” ಎಂದೆ.

ಇದನ್ನು ಕೇಳಿದವರೆಲ್ಲ ತಮ್ಮನ ಮೇಲಿನ ಪ್ರೀತಿ ಅನ್ನುತ್ತಾರೆ. ಪ್ರೀತಿ ಇಲ್ಲ ಅನ್ನುವುದಿಲ್ಲ. ಆದರೆ ಆ ಮೆಟ್ಟಿಲು ಹತ್ತುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಸುಸ್ತು. ಇವನನ್ನು ಹೀಗೇ ವಾಪಸು ಕರೆದುಕೊಂಡು ಹೋದರೆ ಇನ್ನೆಷ್ಟು ವರ್ಷ ಹೀಗೆ ಬಾಗಿಲುಗಳ ಹತ್ತಿರ ನಿಲ್ಲಬೇಕು? ನನಗೂ ಆಗುವುದಿಲ್ಲ, ರತ್ನನಿಗೂ ಆಗುವುದಿಲ್ಲ, ಅವನಿಗಂತೂ ಆಗುವುದೇ ಇಲ್ಲ. ಹೇಗಾದರೂ ಇದು ಮುಗಿಯಬೇಕು ಅನ್ನಿಸಿತ್ತು. ಫೋನಿನಲ್ಲಿ ಯಜಮಾನರಿಗೆ ಹೇಳಿದಾಗ ಅವರು, “ಊಟಗೀಟ ಸರ್ಯಾಗಿ ಮಾಡು,” ಅಂದು ಇಟ್ಟುಬಿಟ್ಟರು.

ಎರಡನೇ ಸಲ ಬೆಳೆಯಿತು. ಡಾಕ್ಟರಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನನ್ನ ಎಡಗಣ್ಣು ಇನ್ನೂ ಉರಿಯುತ್ತಿತ್ತು, ಬಲಗಣ್ಣು ಇಟ್ಟು ನೋಡಿದೆ. ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಹೆಂಚಿನ ಹಾಗೆ ಏನೋ ಕಂಡಿತು. ಅವರು ತೋರಿಸದಿದ್ದರೆ ನಾನು ಅದನ್ನು ಕೊಳೆ ಅಂದುಕೊಳ್ಳುತ್ತಿದ್ದೆ. ಯಾರೋ ತಾಯಿಯ ಹೆರಿಗೆಯ ಪೊರೆಯ ಮೇಲೆ ನನ್ನ ಕಣ್ಣಿನ ಚೂರು ಹಬ್ಬಿಕೊಂಡಿತ್ತು. ಆ ತಾಯಿ ಯಾವ ಊರಿನವಳೋ, ಯಾವ ಜಾತಿಯವಳೋ, ಗಂಡು ಹೆತ್ತಳೋ ಹೆಣ್ಣು ಹೆತ್ತಳೋ ನನಗೆ ಗೊತ್ತಿಲ್ಲ. ಅವಳಿಗೂ ನಾವು ಯಾರೆಂದು ಗೊತ್ತಿಲ್ಲ.

ಮಾದೇವನ ಬಲಗಣ್ಣಿನ ಮೇಲಿದ್ದ ಮಾಂಸದ ಪೊರೆ ಕೆರೆದು ತೆಗೆದು, ಇದನ್ನು ಹಾಸಿದರು. ಮೈ ಇದನ್ನು ಹೊರಗೆ ತಳ್ಳದಿರಲಿ ಎಂದು ಮಾತ್ರೆ ಶುರು ಮಾಡಿದರು. ಅಕ್ಕನದೇ ಅಲ್ಲವಾ, ಯಾಕೆ ತಳ್ಳುತ್ತದೆ ಎಂದು ಅವನು ಕೇಳಿದ. ಡಾಕ್ಟರಮ್ಮ ಹೇಳಿದರು, “ಅಕ್ಕ ಅಂತ ನಿಮಗ ಗೊತ್ತದ, ನಿಮ್ಮ ಮೈಗೆ ಗೊತ್ತಿಲ್ಲಲ್ರಿ.”

ಪಟ್ಟಿ ಬಿಚ್ಚಿದ ದಿನ ಏನೂ ಆಗಲಿಲ್ಲ. ಬಿಳಿ ಬೆಳಕು ಅಂದ, ಅಷ್ಟೇ. ಗಂಟೆಗೊಮ್ಮೆ ಔಷಧಿಯ ಹನಿ ಬಿಡಬೇಕಿತ್ತು, ಬಿಟ್ಟೆ. ದಿನ ಕಳೆದಂತೆ ಕಿಟಕಿ ಎಲ್ಲಿದೆ ಎಂದು ಹೇಳಿದ. ಆಮೇಲೆ ಸ್ಟವ್ವಿನ ನೀಲಿ ಉರಿ ಕಾಣುತ್ತದೆ ಅಂದ. ಒಂದು ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಅವನು ಎದುರಿಗೆ ಗೋಡೆಗೆ ಒರಗಿ ಕೂತು ನನ್ನ ಕಡೆಯೇ ನೋಡುತ್ತಿದ್ದ.

“ಇದೇನಕ್ಕ,” ಅಂದ, “ಇಷ್ಟೊಂದು ನರೆತು ಓಗಿದ್ದೀಯ?”

“ನಿನ್ ಕಟ್ಕೊಂಡು ಅಲ್ದಾಡಿದ್ರೆ ಇನ್ನೇನಾಯ್ತದೆ,” ಅಂದೆ. ಕೈಯಲ್ಲಿದ್ದ ಅಕ್ಕಿಯನ್ನು ಕೆಳಗಿಟ್ಟೆ. ಸ್ವಲ್ಪ ಹೊತ್ತು ಕಲ್ಲು ಯಾವುದು ಅಕ್ಕಿ ಯಾವುದು ಎಂದು ನನಗೇ ಕಾಣಲಿಲ್ಲ.

ಮೊದಲಿನ ದೃಷ್ಟಿ ಬರಲಿಲ್ಲ. ಮಂಜಿನಲ್ಲಿ ನೋಡಿದ ಹಾಗೆ ಕಾಣುತ್ತದೆ ಅನ್ನುತ್ತಾನೆ. ಹತ್ತಿರ ಬಂದರೆ ಮುಖ ಗುರುತು ಸಿಗುತ್ತದೆ, ಒಬ್ಬನೇ ಓಡಾಡುತ್ತಾನೆ. ಏಣಿ ಹತ್ತುವ ಕೆಲಸ ಮುಗಿಯಿತು. ಈಗ ರತ್ನನ ಜೊತೆ ಸೊಪ್ಪು ತರಕಾರಿ ಮಾರುತ್ತಾನೆ. ಅವನು ಕೊತ್ತಂಬರಿ ಕೇಳಿದವರಿಗೆ ಸಬ್ಬಸಿಗೆ ಕೊಟ್ಟಿದ್ದೂ ಉಂಟು. ನನಗೂ ಗಾಳಿಗೆ, ಒಲೆಯ ಹೊಗೆಗೆ ಕಣ್ಣಲ್ಲಿ ಬೇಗ ನೀರು ಬರುತ್ತದೆ. ಆದರೆ ಕಾಣುವುದರಲ್ಲಿ ಕೊರತೆಯಿಲ್ಲ. ಊರಿನ ಗಣೇಶನ ಹಬ್ಬದಲ್ಲಿ ನನ್ನನ್ನು ಕರೆದು ಶಾಲು ಹೊದಿಸಿ ತ್ಯಾಗಮಯಿ ಎಂದರು. ವೇದಿಕೆಯ ಮೇಲೆ ಕೂತಿದ್ದಾಗ ನಾಳೆ ಬೆಳಗಿನ ಡ್ಯೂಟಿ ಇದೆಯಲ್ಲ, ಇವರು ಬೇಗ ಬಿಟ್ಟರೆ ಸಾಕು ಅನ್ನಿಸುತ್ತಿತ್ತು.

ಎರಡು ವರ್ಷದ ಮೇಲೆ ತಪಾಸಣೆಗೆ ಮತ್ತೆ ಹೈದರಾಬಾದಿಗೆ ಹೋದೆವು. ಅದೇ ಡಾಕ್ಟರಮ್ಮ ಇದ್ದರು. ಕಣ್ಣು ನೋಡಿ, ಚೆನ್ನಾಗಿ ನಿಂತಿದೆ ಎಂದರು. ಮಾದೇವ ಕೇಳಿದ, “ಇವಾಗ ಈ ಕಣ್ಣಲ್ಲಿ ಇರಾವು ಅಕ್ಕನವಾ, ನನ್ನವಾ ಮೇಡಂ?”

“ಖಾತ್ರಿ ಹೇಳಾಕ ಆಗಂಗಿಲ್ರಿ. ಅಕ್ಕಾರವು ಇದ್ರೂ ಇರಬಹುದು. ಕೆಲವರಿಗೆ ಕೊಟ್ಟವರವು ಕಾಲಕ್ರಮೇಣ ಹೋಗಿಬಿಡ್ತಾವ. ಸುಟ್ಟ ಅಂಚಿನಾಗ ಎಲ್ಲೋ ಒಂದೆರಡು ಅವರವೇ ಉಳಿದಿರ್ತಾವಲ್ಲ, ಅವು ಎದ್ದು ಬರ್ತಾವ ಅನಸ್ತದ. ಕೊಟ್ಟವು ಬಂದು ಅವಕ್ಕ ಜಾಗಾ ಹಸನ ಮಾಡಿ ಹೋದಂಗ.”

ಹೊರಗೆ ಬರುವಾಗ ಮಾದೇವ ನನ್ನ ಮುಖ ನೋಡುತ್ತ ನಡೆದ. “ನಿಂದು ಏನೂ ಉಳ್ದಿಲ್ದೆ ಇರ್ಬೋದಂತೆ ಕಣಕ್ಕ,” ಅಂದ. ನಾನು ಬೇಜಾರು ಮಾಡಿಕೊಳ್ಳುತ್ತೇನೆ ಎಂಬ ಅಳುಕು ಅವನಿಗಿತ್ತು.

“ಉಳೀದೇ ಇದ್ರೆ ಬುಡು,” ಎಂದೆ. ಬೇಜಾರಾಗಲಿಲ್ಲ. ಬದಲಿಗೆ ಒಳ್ಳೆಯದೇ ಆಯಿತು ಅನ್ನಿಸಿತು. ನನ್ನದು ಎಂದು ಅವನು ಜೀವನವಿಡೀ ಹೊತ್ತುಕೊಂಡು ತಿರುಗುವುದಕ್ಕಿಂತ ಅವನದೇ ಎದ್ದಿದ್ದರೆ ಅವನೂ ಹಗುರ, ನಾನೂ ಹಗುರ.

ರೈಲು ಇಳಿದು, ಮೈಸೂರಿನಲ್ಲಿ ಕೋಟೆ ಬಸ್ಸು ಹತ್ತಿ ಕುಳಿತದ್ದು ನೆನಪಿದೆ. ಜಯಪುರ ದಾಟಿದ್ದು ನೆನಪಿಲ್ಲ. ಬಿಸಿಲು ಮುಖದ ಮೇಲೇ ಬೀಳುತ್ತಿದ್ದರೂ ನಿದ್ದೆ ಹಾಗೆ ಎಳೆದುಕೊಂಡು ಹೋಯಿತು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದು ಆ ಕೆಲವು ವರ್ಷಗಳಲ್ಲಿ ಅದೇ ಮೊದಲು. ಯಾರೋ ಭುಜ ಅಲುಗಿಸಿದರು.

“ಅಕ್ಕ, ಏಳು. ಹಂಪಾಪುರ ಬತ್ತಾ ಅದೆ.”

ಮಾದೇವ ಎರಡು ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಎದ್ದು ನಿಂತಿದ್ದ. ಇನ್ನಷ್ಟು ಹೊತ್ತು ಮಲಗಿರಬೇಕಿತ್ತು ಅನ್ನಿಸಿತು. ಎದ್ದು ಅವನ ಹಿಂದೆ ಇಳಿದೆ. ಈಗಲೂ ಯಾರಾದರೂ ಆ ಕಣ್ಣಿನ ವಿಷಯ ಎತ್ತಿದರೆ ನನಗೆ ಮೊದಲು ನೆನಪಾಗುವುದು ಆ ಬಸ್ಸಿನ ನಿದ್ದೆ. ಅಂಥ ನಿದ್ದೆ ನನಗೆ ಮತ್ತೆ ಬಂದಿಲ್ಲ.